ಔಷಧದ ಪೊಟ್ಟಣವೂ ರೋಗಿಯೊಡನೆ ಮಾತನಾಡಬೇಕು

ಸರಕು ಗ್ರಾಹಕನ ಕೈಸೇರಿದೊಡನೆ ವ್ಯವಹಾರ ಮುಗಿಯಿತೆಂದು ನಾವು ಭಾವಿಸುವುದುಂಟು. ಕ್ಷಯರೋಗದ ಔಷಧದಲ್ಲಿ ಕೆಲಸ ಆರಂಭವಾಗುವುದೇ ಅಲ್ಲಿಂದ. ಸಾಮಾನ್ಯ ಕ್ಷಯಕ್ಕೂ ಚಿಕಿತ್ಸೆ ಆರು ತಿಂಗಳು. ಕೆಲವೇ ವಾರಗಳಲ್ಲಿ ಕೆಮ್ಮು, ಜ್ವರ ಇಳಿದು ದುಡಿಮೆಗೆ ಮರಳಿದವನು ಗುಳಿಗೆಯನ್ನು ಬಿಟ್ಟರೆ ರೋಗ ಮರುಕಳಿಸಬಹುದು. ಔಷಧಕ್ಕೆ ಮಣಿಯದ ರೂಪವನ್ನೂ ತಾಳಬಹುದು.

1997ರಲ್ಲಿ ಆರಂಭವಾದ ಪರಿಷ್ಕೃತ ರಾಷ್ಟ್ರೀಯ ಕ್ಷಯರೋಗ ನಿಯಂತ್ರಣ ಕಾರ್ಯಕ್ರಮವು ಅನುಸರಿಸಿದ ಉಪಾಯವನ್ನು ವರ್ತಕರು ಮೆಚ್ಚಿಯಾರು. ಒಬ್ಬೊಬ್ಬ ರೋಗಿಗೂ ಪೂರ್ಣಾವಧಿಯ ಔಷಧವಿರುವ ಪ್ರತ್ಯೇಕ ಪೆಟ್ಟಿಗೆ. ಹೊಸಬರಿಗೆ ಕೆಂಪು, ಮರುಚಿಕಿತ್ಸೆಯವರಿಗೆ ನೀಲಿ. ದಾಸ್ತಾನಿಲ್ಲವೆಂದು ನಡುವೆ ಕೈಬಿಡುವ ಪ್ರಸಂಗ ಬಾರದಿರಲೆಂದೇ ಈ ಏರ್ಪಾಡು.

ಅನಂತರ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ‘99ಡಾಟ್ಸ್’ ರೂಪುಗೊಂಡಿತು. ಗುಳಿಗೆಗಳ ಪಟ್ಟಿಗೆ ಮುದ್ರಿತ ಹೊದಿಕೆ. ಗುಳಿಗೆಯನ್ನು ಒತ್ತಿ ತೆಗೆದಾಗಲೇ ಅದರ ಹಿಂದಿನ ದೂರವಾಣಿ ಸಂಖ್ಯೆ ಕಾಣುವುದು. ಅದಕ್ಕೆ ಖರ್ಚಿಲ್ಲದೆ ಕರೆ ಮಾಡಿದರೆ ಆ ದಿನದ ಸೇವನೆ ದಾಖಲಾಗುವುದು. ಜಾಣ್ಮೆಯ ಬಹುಪಾಲು ಮುದ್ರಣದಲ್ಲಿಯೇ ಇದೆ! ಆದರೆ ಕರೆ ಬಂದ ಮಾತ್ರಕ್ಕೆ ಗುಳಿಗೆ ಹೊಟ್ಟೆ ಸೇರಿತೆನ್ನಲಾಗದು.

ಇದಕ್ಕಿಂತ ಸರಳವಾದ ಕೊರತೆಯೊಂದುಂಟು. ರಿಫಾಂಪಿಸಿನ್ ಸೇವಿಸಿದವರ ಮೂತ್ರ ಕಿತ್ತಳೆಗೆಂಪಾಗುತ್ತದೆ. ತಿಳಿಯದವರು ರಕ್ತವೆಂದು ಹೆದರಿ ಔಷಧವನ್ನೇ ನಿಲ್ಲಿಸಿಯಾರು. ‘ಇದು ಔಷಧದ ಬಣ್ಣ, ಗಾಬರಿ ಬೇಡ’ ಎಂಬ ಸಾಲು ದಪ್ಪಕ್ಷರದಲ್ಲಿ, ಕನ್ನಡದಲ್ಲಿ ಇರಬೇಕು. ಪಕ್ಕದಲ್ಲಿಯೇ, ಕಣ್ಣು ಹಳದಿಯಾದರೆ, ದೃಷ್ಟಿ ಮಂಜಾದರೆ ಕೂಡಲೇ ವೈದ್ಯರನ್ನು ಕಾಣಬೇಕೆಂಬ ಸೂಚನೆಯೂ ಇರಬೇಕು. ಇಂತಹ ಕರಪತ್ರದ ಕೆಲಸ ಬಂದಾಗ ನಮ್ಮ ಸದಸ್ಯ ಮುದ್ರಕರು ಕರಡಿಗೆ ವೈದ್ಯರ ಒಪ್ಪಿಗೆ ಪಡೆದ ಮೇಲೆ, ಕಷ್ಟಪಟ್ಟು ಓದಬಲ್ಲ ಕಾರ್ಮಿಕರೊಬ್ಬರಿಗೆ ಅದನ್ನು ಕೊಟ್ಟು, ಏನು ತಿಳಿಯಿತೆಂದು ಕೇಳಿ ನೋಡಲಿ.