ಗೀಸರ್ ಕೈಕೊಟ್ಟಾಗ: ಬಿಸಿನೀರಿನ ಅವಸರ, ಬಚ್ಚಲಿನ ಅಪಾಯ

ಶೀತದೇಶಗಳಲ್ಲಿ ಚಳಿಗಾಲದ ನಡುವೆ ಮನೆಯ ನೆಲವನ್ನು ಬೆಚ್ಚಗಿಡುವ ವ್ಯವಸ್ಥೆ ಕೆಟ್ಟಿತೆಂದರೆ ಇಡೀ ಕುಟುಂಬವೇ ಕಂಗಾಲಾಗುತ್ತದೆ. ಮಂಗಳೂರಿಗೆ ಆ ತಾಪತ್ರಯವಿಲ್ಲ. ಡಿಸೆಂಬರ್-ಜನವರಿಯ ಮುಂಜಾವಿನಲ್ಲೂ ಇಲ್ಲಿಯ ಉಷ್ಣಾಂಶ ಸಾಮಾನ್ಯವಾಗಿ 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ನಿಲ್ಲುತ್ತದೆ. ಕರಾವಳಿಯ ಮನೆಗಳಲ್ಲಿ ಬಿಸಿಯಾಗಬೇಕಾದದ್ದು ನೆಲವಲ್ಲ, ಸ್ನಾನದ ನೀರು. ಅದು ನಿಂತ ದಿನ ಮನೆಯಲ್ಲಿ ಬಾಣಂತಿಯೋ ಎಳೆಗೂಸೋ ವಯೋವೃದ್ಧರೋ ಇದ್ದರೆ ಇಲ್ಲಿಯೂ ಗಡಿಬಿಡಿ ಕಡಿಮೆಯೇನಲ್ಲ. ಆ ಗಡಿಬಿಡಿಯಲ್ಲಿ ಹಿಡಿಯುವ ಅಡ್ಡದಾರಿಗಳೇ ಕೆಟ್ಟ ಗೀಸರಿಗಿಂತ ಹೆಚ್ಚು ಅಪಾಯಕಾರಿ.

ಹಿಂದೆ ಈ ಕೆಲಸ ಮಾಡುತ್ತಿದ್ದುದು ತಾಮ್ರದ ಹಂಡೆ. ದೀಪಾವಳಿಯ ನೀರು ತುಂಬುವ ಹಬ್ಬದಂದು ಅದನ್ನು ಬೆಳಗಿ, ಸಿಂಗರಿಸಿ, ನೀರು ತುಂಬಿಸುವ ಪದ್ಧತಿ ಇಂದಿಗೂ ಅನೇಕ ಮನೆಗಳಲ್ಲಿದೆ. ತೆಂಗಿನ ಮಡಲು, ಸಿಪ್ಪೆ, ಕಟ್ಟಿಗೆ ಏನು ಸಿಕ್ಕರೂ ಒಲೆಗೆ ಸಾಲುತ್ತಿತ್ತು. ಹೊಗೆಯೂ ಸಾಕಷ್ಟಿರುತ್ತಿತ್ತು. ಆದರೆ ಆ ಬಚ್ಚಲಿನ ಮೇಲೆ ಹೆಂಚಿನ ಮಾಡಿತ್ತು. ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಪ್ರಸಿದ್ಧವಾದ ಈ ಹೆಂಚು ಮಳೆಯನ್ನು ತಡೆದರೂ ಗಾಳಿಯನ್ನು ಪೂರ್ತಿ ತಡೆಯುವುದಿಲ್ಲ. ಸಂದುಗೊಂದುಗಳಿಂದ ಹೊಗೆ ಹೊರಗೆ ಹೋಗುತ್ತಿತ್ತು, ಹೊಸ ಗಾಳಿ ಒಳಗೆ ಬರುತ್ತಿತ್ತು. ಇಂದಿನ ವಸತಿ ಸಮುಚ್ಚಯಗಳ ಬಚ್ಚಲು ನಾಲ್ಕೂ ಕಡೆ ಟೈಲ್ಸ್, ಮೇಲೆ ಕಾಂಕ್ರೀಟ್ ಹೊದ್ದ ಪುಟ್ಟ ಪೆಟ್ಟಿಗೆ. ಮಳೆಯ ಎರಚಲು, ಸೊಳ್ಳೆ ಎಂದು ಇದ್ದೊಂದು ಗವಾಕ್ಷಿಯನ್ನೂ ಮುಚ್ಚಿರುತ್ತಾರೆ.

ಇಂಥ ಬಚ್ಚಲಿಗೆ ಬೆಂಕಿ ಮರಳಿ ಬಂದಿರುವುದು ಗ್ಯಾಸ್ ಗೀಸರಿನ ರೂಪದಲ್ಲಿ. ವಿದ್ಯುತ್ ಗೀಸರ್ ಕೆಟ್ಟಿತೆಂದೋ ಬಿಲ್ಲು ಹೆಚ್ಚಾಯಿತೆಂದೋ ಅನೇಕರು ಅಗ್ಗದ ಗ್ಯಾಸ್ ಗೀಸರ್ ತಂದು ಸ್ನಾನದ ಕೋಣೆಯೊಳಗೇ ತೂಗುಹಾಕುತ್ತಾರೆ. ಬಾಗಿಲು ಮುಚ್ಚಿ ಸ್ನಾನಕ್ಕೆ ನಿಂತಾಗ ಜ್ವಾಲೆಯು ಕೋಣೆಯ ಆಮ್ಲಜನಕವನ್ನು ಬಳಸಿಕೊಳ್ಳುತ್ತದೆ. ಆಮ್ಲಜನಕ ಸಾಲದಾದಾಗ ಅನಿಲ ಪೂರ್ಣವಾಗಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಶುರುವಾಗಿ, ಬಾಗಿಲ ಚಿಲಕ ತೆಗೆಯುವ ಶಕ್ತಿಯೂ ಉಳಿಯದೆ ವ್ಯಕ್ತಿ ಕುಸಿಯುತ್ತಾನೆ. ರಾಜ್ಯದಲ್ಲಿ ಇಂಥ ಸಾವಿನ ಸುದ್ದಿಗಳು ಮರುಕಳಿಸುತ್ತಲೇ ಇವೆ. ಕೊರಿಯಾದಲ್ಲಿಯೂ ಇದೇ ವಿಷಾನಿಲ ಬಹಳ ಮಂದಿಯನ್ನು ಬಲಿ ತೆಗೆದುಕೊಂಡಿದೆ. ಅಲ್ಲಿಯ ‘ಒಂಡೊಲ್’ ಎಂಬ ಸಾಂಪ್ರದಾಯಿಕ ವ್ಯವಸ್ಥೆಯಲ್ಲಿ ಒಲೆಯ ಬಿಸಿ ಹೊಗೆಯನ್ನು ನೆಲದಡಿಯ ಕಾಲುವೆಗಳಲ್ಲಿ ಹರಿಸಿ ಕೋಣೆಯನ್ನು ಬೆಚ್ಚಗಿಡುತ್ತಿದ್ದರು. ಕಟ್ಟಿಗೆಯ ಬದಲು ಕಲ್ಲಿದ್ದಲಿನ ಬಿಲ್ಲೆಗಳು ಬಂದಮೇಲೆ, ನೆಲದ ಬಿರುಕುಗಳಿಂದ ಸೋರಿದ ಅನಿಲ ನಿದ್ರೆಯಲ್ಲಿದ್ದವರ ಪ್ರಾಣ ತೆಗೆಯಿತು.

ಗ್ಯಾಸ್ ಗೀಸರ್ ಬೇಕೇ ಬೇಕೆಂದರೆ ಅದರ ಸ್ಥಾನ ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ. ನೀರು ಮಾತ್ರ ಕೊಳವೆಯ ಮೂಲಕ ಒಳಗೆ ಬರಬೇಕು. ಒಳಗೆ ಹೋದವರು ಕರೆದರೆ ಓಗೊಡದಿದ್ದಲ್ಲಿ ಬಾಗಿಲು ಒಡೆದು, ತೆರೆದ ಗಾಳಿಗೆ ತಂದು, 108ಕ್ಕೆ ಕರೆ ಮಾಡಬೇಕು.

ಇನ್ನೊಂದು ಅಡ್ಡದಾರಿ, ನೀರಿಗೆ ಇಳಿಬಿಡುವ ಕಾಯಿಲ್. ಸಾವಿರ, ಒಂದೂವರೆ ಸಾವಿರ ವಾಟ್‌ಗಳ ಈ ಸರಳಿಗೆ ಮೂರು ಕಾಲಿನ ಪ್ಲಗ್ ಮತ್ತು ನೆಲಸಂಪರ್ಕವುಳ್ಳ ಸಾಕೆಟ್ ಅನಿವಾರ್ಯ. ನೀರು ಬಿಸಿಯಾಯಿತೇ ಎಂದು ಕೈ ಅದ್ದಿ ನೋಡುವ ಅಭ್ಯಾಸ ಹಲವರಿಗಿದೆ. ಪ್ಲಗ್ ಕಳಚದೆ ಹಾಗೆ ಮಾಡುವುದು ಜೀವದೊಡನೆ ಜೂಜಾಟ. ಮಕ್ಕಳಿರುವ ಮನೆಗೆ ಕಾಯಿಲ್ ಹೇಳಿದ ಸಾಧನವಲ್ಲ.

ಹಾಗಾದರೆ ಆ ಬೆಳಗಿನ ಸ್ನಾನಕ್ಕೇನು ಗತಿ? ಲೆಕ್ಕ ಹಾಕಿದರೆ ಸಮಸ್ಯೆ ಅಂದುಕೊಂಡಷ್ಟು ದೊಡ್ಡದಲ್ಲ. ಕರಾವಳಿಯ ನಳ್ಳಿ ನೀರು 26 ಡಿಗ್ರಿಯಷ್ಟಿದ್ದರೆ, 12 ಲೀಟರ್ ತಣ್ಣೀರಿಗೆ ಕೇವಲ 3 ಲೀಟರ್ ಕುದಿನೀರು ಬೆರೆಸಿದಾಗ ಸುಮಾರು 40 ಡಿಗ್ರಿಯ ಒಂದು ಬಕೆಟ್ ಹದವಾದ ನೀರು ಸಿದ್ಧ. ಅಡುಗೆಮನೆಯ ಒಲೆಯ ಮೇಲೊಂದು ಪಾತ್ರೆ, ಇಲ್ಲವೇ ಒಂದೂವರೆ ಲೀಟರಿನ ವಿದ್ಯುತ್ ಕೆಟಲ್ ಎರಡು ಬಾರಿ ಕುದಿದರೆ ಸಾಕು. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಕುದಿನೀರು ಹಾಕಬೇಕು. ಕುದಿನೀರು ಹೊತ್ತು ನಡೆಯುವಾಗ ಮಕ್ಕಳು ಕಾಲಡಿ ಸುಳಿಯದಂತೆ ನೋಡಿಕೊಳ್ಳಬೇಕು.

ಇನ್ನು ಗೀಸರಿನ ವಿಚಾರ. ದೀಪವೇ ಹತ್ತದಿದ್ದರೆ ಮೊದಲು ಎಂಸಿಬಿ ನೋಡಬೇಕು. ಇಡೀ ಮನೆಗೇ ಕರೆಂಟ್ ಇಲ್ಲವೆಂದಾದರೆ ಮೆಸ್ಕಾಂ ಸಹಾಯವಾಣಿ 1912 ಇದೆ. ಗೀಸರ್ ಹಾಕಿದಾಗಲೆಲ್ಲ ಸೋರಿಕೆ ವಿದ್ಯುತ್ತನ್ನು ಪತ್ತೆಹಚ್ಚುವ ಆರ್‌ಸಿಸಿಬಿ ಬೀಳುತ್ತಿದ್ದರೆ, ಕಾಯಿಸುವ ಸುರುಳಿಯ ಕವಚ ತೂತಾಗಿ ವಿದ್ಯುತ್ ನೀರಿಗೆ ಹರಿಯುತ್ತಿರುವ ಸಾಧ್ಯತೆ ಹೆಚ್ಚು. 30 ಮಿಲಿ ಆಂಪಿಯರ್ ಸೋರಿದರೇ ಸಂಪರ್ಕ ಕಡಿಯುವ ಈ ಸಾಧನ ಆಗ ಕೆಟ್ಟಿಲ್ಲ, ತನ್ನ ಕೆಲಸ ಮಾಡುತ್ತಿದೆ. ಅದನ್ನು ತಪ್ಪಿಸಿ ನೇರ ತಂತಿ ಎಳೆಸುವವರಿದ್ದಾರೆ! ದೀಪ ಹತ್ತಿಯೂ ನೀರು ಕಾಯದಿದ್ದರೆ ಸುರುಳಿಯೋ ಥರ್ಮೋಸ್ಟಾಟೋ ಹೋಗಿರುತ್ತದೆ, ಎರಡನ್ನೂ ಬದಲಿಸಬಹುದು. ಒಳಗಿನ ತೊಟ್ಟಿಯೇ ತೂತಾಗಿ ತಳದಿಂದ ನೀರು ಜಿನುಗಿದರೆ ಮಾತ್ರ ಹೊಸದೇ ಗತಿ. ಕಾಯುವಾಗ ಸುರಕ್ಷತಾ ಕವಾಟದಿಂದ ನಾಲ್ಕು ಹನಿ ತೊಟ್ಟಿಕ್ಕಿದರೆ ಗಾಬರಿ ಬೇಡ, ಹಿಗ್ಗಿದ ನೀರಿಗೆ ಅದೇ ದಾರಿ.

2016 ಮತ್ತು 2019ರ ಬೇಸಿಗೆಗಳಲ್ಲಿ ತುಂಬೆ ಅಣೆಕಟ್ಟೆಯ ನೀರಿನ ಮಟ್ಟ ಕುಸಿದು ನಗರಕ್ಕೆ ಸರದಿಯ ಮೇಲೆ ನೀರು ಬಿಡಬೇಕಾಗಿ ಬಂದಿತ್ತು. ಹಾಗೆ ಮಾಳಿಗೆಯ ಟ್ಯಾಂಕ್ ಬರಿದಾಗಿ ತುಂಬಿದ ದಿನ, ಬಿಸಿನೀರಿನ ನಳ್ಳಿಯಲ್ಲಿ ಸರಾಗ ಧಾರೆ ಬರುವುದನ್ನು ಕಂಡೇ ಸ್ವಿಚ್ ಹಾಕಬೇಕು. ಖಾಲಿ ತೊಟ್ಟಿಯಲ್ಲಿ ಸುರುಳಿ ಕ್ಷಣಗಳಲ್ಲಿ ಸುಟ್ಟುಹೋಗುತ್ತದೆ.

ಮಳೆಗಾಲದ ದೂರುಗಳಲ್ಲಿ ಒಂದು ಬಗೆ ಬೇರೆಯೇ ಇದೆ. ರಾಜ್ಯ ಸರಕಾರ 2007ರಲ್ಲಿ ಹಲವು ಬಗೆಯ ಕಟ್ಟಡಗಳಿಗೆ ಸೌರ ಜಲತಾಪಕವನ್ನು ಕಡ್ಡಾಯಗೊಳಿಸಿದ ಬಳಿಕ ಅದು ನಗರದ ತಾರಸಿಗಳ ಸಾಮಾನ್ಯ ನೋಟ. ಆದರೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸು ಸುರಿಯುವ ಊರಿನಲ್ಲಿ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೇ ಬೀಳುವಾಗ, ಸೋಲಾರ್ ನೀರು ತಣ್ಣಗಿದ್ದರೆ ಅದು ಕೆಟ್ಟಿದೆ ಎಂದಲ್ಲ, ಬಿಸಿಲಿಲ್ಲ, ಅಷ್ಟೇ. ಟ್ಯಾಂಕಿನೊಳಗೆ ವಿದ್ಯುತ್ ಸುರುಳಿ ಇದ್ದರೆ ಬಳಸಬಹುದು. 100 ಲೀಟರನ್ನು 50 ಡಿಗ್ರಿಗೆ ಏರಿಸಲು ಸುಮಾರು 3 ಯೂನಿಟ್ ಬೇಕು. ಒಬ್ಬರ ಸ್ನಾನಕ್ಕಾಗಿ ಇಡೀ ಟ್ಯಾಂಕ್ ಕಾಯಿಸುವುದು ದುಬಾರಿ. ಗಾಜಿನ ಕೊಳವೆಯ ಮಾದರಿಯಲ್ಲಿ ನಿಜವಾದ ಕೇಡೆಂದರೆ ತೆಂಗಿನ ಮಡಲು ಬಿದ್ದು ಒಂದು ಕೊಳವೆ ಒಡೆಯುವುದು. ಆಗ ಟ್ಯಾಂಕಿನ ನೀರೆಲ್ಲ ಅಲ್ಲಿಂದಲೇ ಹೊರಹೋಗುತ್ತದೆ. ಮೊದಲು ತಣ್ಣೀರಿನ ಒಳಹರಿವಿನ ಕವಾಟ ಮುಚ್ಚಬೇಕು.

ಬಾವಿ ನೀರು ಬಳಸುವ ಮನೆಗಳಿಗೆ ಇನ್ನೊಂದು ಮಾತು. ಮುರಕಲ್ಲಿನ ನೆಲದ ಬಾವಿ ನೀರು ಹಲವೆಡೆ ತುಸು ಆಮ್ಲೀಯ. ಗೀಸರಿನೊಳಗಿನ ಮೆಗ್ನೀಸಿಯಮ್ ಸರಳು ತಾನು ಸವೆದು ತೊಟ್ಟಿಯನ್ನು ತುಕ್ಕಿನಿಂದ ಕಾಯುತ್ತದೆ; ಇಂಥ ನೀರಿನಲ್ಲಿ ಅದು ಬೇಗ ಮುಗಿಯುತ್ತದೆ. ವರ್ಷಕ್ಕೊಮ್ಮೆ ತೆಗೆಸಿ ನೋಡಿ, ಸವೆದಿದ್ದರೆ ಬದಲಿಸುವುದು ಹೊಸ ಗೀಸರಿಗಿಂತ ಬಹಳ ಅಗ್ಗ. ಅದೇ ಮುರಕಲ್ಲಿನ ನೆಲ ಮಾರ್ಚ್‌ನಿಂದ ಮೇ ತನಕ ಒಣಗಿ ನಿಂತಾಗ ಅರ್ಥಿಂಗ್ ದುರ್ಬಲಗೊಳ್ಳುತ್ತದೆ. ಆ ತಿಂಗಳುಗಳಲ್ಲಿ ಅರ್ಥಿಂಗ್ ಗುಂಡಿಗೆ ಆಗಾಗ ಒಂದೆರಡು ಕೊಡ ನೀರು ಹಾಕಬೇಕು.