ಸೀಸದ ಬಿಲ್ಲೆಯಲ್ಲಿ ಬುಡಾಪೆಸ್ಟ್

ಇಂಗ್ಲೆಂಡಿನ ಹೊಲಗಳಲ್ಲಿ ಲೋಹಶೋಧಕ ಹಿಡಿದು ಅಲೆಯುವವರು ನಾಣ್ಯದಾಸೆಗೆ ಅಗೆದಾಗ, ಕೆಲವೊಮ್ಮೆ ಕೈಗೆ ಬರುವುದು ಚಪ್ಪಟೆಯಾದ ಸೀಸದ ಬಿಲ್ಲೆ. ಮಣ್ಣು ತೊಳೆದರೆ ಮೇಲೆ ಬುಡಾಪೆಸ್ಟ್ ಎಂದಿರುತ್ತದೆ. ಹಂಗೇರಿಯ ರಾಜಧಾನಿಗೂ ಆ ಹೊಲಕ್ಕೂ ಇರುವ ನಂಟು ಗೋಧಿಹಿಟ್ಟಿನದು.

ಹಂಗೇರಿಯ ಗೋಧಿ ಗಟ್ಟಿ ಕಾಳು. ಬೀಸುವ ಕಲ್ಲಿಗೆ ಕೊಟ್ಟರೆ ತೌಡೂ ಪುಡಿಯಾಗಿ ಹಿಟ್ಟಿನೊಳಗೆ ಸೇರಿ ಬಣ್ಣ ಮಂಕಾಗುತ್ತಿತ್ತು. ಗಾಂಜ್ ಕಾರ್ಖಾನೆಯ ಆಂದ್ರಾಶ್ ಮೆಖ್‌ವಾರ್ಟ್ 1874ರ ಹೊತ್ತಿಗೆ ಸುಧಾರಿಸಿದ ಎರಕದ ಕಬ್ಬಿಣದ ಉರುಳೆಗಳು ಕಾಳನ್ನು ಹಂತಹಂತವಾಗಿ ಬಿಡಿಸಿ ತೌಡನ್ನು ಬೇರೆಮಾಡಿದವು. ಆ ಬೆಳ್ಳನೆಯ ಹಿಟ್ಟಿಗೆ ಬ್ರಿಟನ್ನಿನ ಬೇಕರಿಗಳು ಮನಸೋತವು. ಫಿಯೂಮೆ ಬಂದರಿನಿಂದ, ಅಂದರೆ ಈಗಿನ ಕ್ರೊಯೇಷಿಯಾದ ರಿಯೆಕಾದಿಂದ, ಚೀಲಗಳು ಹಡಗೇರಿದವು. ಚೀಲದ ಬಾಯಿ ಕಟ್ಟಿದ ದಾರವನ್ನು ಸೀಸದ ತೂತಿನಲ್ಲಿ ತೂರಿಸಿ ಇಕ್ಕಳದಿಂದ ಅದುಮಿದರೆ ಎರಡೂ ಬದಿ ಅಚ್ಚು ಮೂಡುತ್ತಿತ್ತು. ದಾರಿಯಲ್ಲಿ ಯಾರಾದರೂ ಚೀಲ ಬಿಚ್ಚಿದರೆ ಗೊತ್ತಾಗಲೆಂದು ಈ ಏರ್ಪಾಡು. ನಮ್ಮ ಅಂಗಡಿಯ ತೂಕದ ಬಟ್ಟನ್ನು ಮಗುಚಿ ನೋಡಿ, ಅಡಿಯ ಸೀಸದಲ್ಲಿ ಸರ್ಕಾರಿ ಮುದ್ರೆ ಕಾಣುತ್ತದೆ. ನಂಬಿಕೆಗೆ ಸೀಸವೇ ಸಾಕ್ಷಿ!

ಗುರುತಿಸುವಾಗ ಮೊದಲು ಊರಿನ ಹೆಸರು ಹುಡುಕಬೇಕು. ಪೆಸ್ಟ್, ಬುಡಾ, ಓಬುಡಾ ಮೂರೂ ಕೂಡಿ ಬುಡಾಪೆಸ್ಟ್ ಆದದ್ದು 1873ರಲ್ಲಿ. ಹಾಗಾಗಿ ಬುಡಾಪೆಸ್ಟ್ ಎಂಬ ಅಚ್ಚಿದ್ದರೆ ಬಿಲ್ಲೆ ಬಹುತೇಕ ಅದಕ್ಕಿಂತ ಈಚಿನದು. ಬರೀ ಪೆಸ್ಟ್ ಇದ್ದರೆ ಹಳೆಯದಿರಬಹುದು. ಆದರೆ ಊರು ಬದಲಾದರೂ ಗಿರಣಿಗಳು ಹಳೆಯ ಹೆಸರು ಬಿಡದೆ ಇರಬಹುದು, ಅಷ್ಟು ಅನುಮಾನ ಇಟ್ಟುಕೊಳ್ಳುವುದು ಒಳ್ಳೆಯದು. ಆಮೇಲೆ ಭಾಷೆ. ಹಂಗೇರಿಯನ್ನಿನಲ್ಲಿ ‘ಮಲೊಮ್’ ಎಂದರೆ ಗಿರಣಿ, ‘ಗೋಜ್‌ಮಲೊಮ್’ ಎಂದರೆ ಉಗಿಯ ಗಿರಣಿ, ‘ಹೆಂಗೆರ್‌ಮಲೊಮ್’ ಉರುಳೆಯ ಗಿರಣಿ. ಜರ್ಮನ್ ಪದ ‘ಮ್ಯೂಲೆ’. ಪನ್ನೋನಿಯಾ, ಕಾಂಕೋರ್ಡಿಯಾ, ವಿಕ್ಟೋರಿಯಾ ಎಲ್ಲ ಗಿರಣಿಗಳ ಹೆಸರೇ. ವಿಕ್ಟೋರಿಯಾ ಎಂದೊಡನೆ ಬ್ರಿಟಿಷ್ ರಾಣಿಯತ್ತ ಓಡಿದರೆ ದಾರಿ ತಪ್ಪಿದಂತೆ. ಒಂಟಿ ಸೊನ್ನೆ ಕಂಡರೆ ಅದನ್ನೂ ತಳ್ಳಿಹಾಕಬೇಡಿ. ಹಂಗೇರಿಯ ಗಿರಣಿಗಳು ಹಿಟ್ಟಿನ ದರ್ಜೆಗೆ ಅಂಕಿ ಕೊಡುತ್ತಿದ್ದವು, ಸೊನ್ನೆಯೇ ಅತಿ ನಯವಾದ ಹಿಟ್ಟು.

ಹೊಲಕ್ಕೆ ಬಂದ ಬಗೆ ಸರಳ. ಬೇಕರಿಯಲ್ಲಿ ಕತ್ತರಿಸಿ ಎಸೆದ ಸೀಸ ಪಟ್ಟಣದ ಕಸದಲ್ಲಿ ಬೆರೆತು, ಗೊಬ್ಬರದ ಗಾಡಿ ಹತ್ತಿ ನೆಲ ಸೇರಿತು.

ಇಂಥ ಬಿಲ್ಲೆ ಸಿಕ್ಕರೆ ತಂತಿ ಬ್ರಷ್ಷಿನಿಂದ ಉಜ್ಜಬೇಡಿ, ಹುಣಸೆಹುಳಿಯಂತೂ ಬೇಡವೇ ಬೇಡ. ನೀರಲ್ಲಿ ಮೆಲ್ಲಗೆ ತೊಳೆದು, ಓರೆ ಬೆಳಕಿಗೆ ಹಿಡಿದು ಓದಿ. ಆಮೇಲೆ ಕೈ ತೊಳೆಯಿರಿ, ಸೀಸ ವಿಷ.