ಪ್ರೇಕ್ಷಕ ಲಿಗ್ಯಾಂಡ್: ಹೆಸರು ಮತ್ತು ಕಾರ್ಯ

ಲೋಹದ ಪರಮಾಣುವೊಂದನ್ನು ಸುತ್ತುವರಿದು ಅದರೊಡನೆ ಬಂಧಿತವಾಗಿರುವ ಅಯಾನು ಅಥವಾ ಅಣುಗಳಿಗೆ ರಸಾಯನಶಾಸ್ತ್ರದಲ್ಲಿ ಲಿಗ್ಯಾಂಡ್ ಎಂದು ಹೆಸರು. ಕ್ರಿಯೆಯ ಕಾಲದಲ್ಲಿ ಇವುಗಳಲ್ಲಿ ಕೆಲವು ಲೋಹವನ್ನು ಬಿಟ್ಟುಹೋಗುತ್ತವೆ. ಕೆಲವು ಬದಲಾಗದೆ ಉಳಿಯುತ್ತವೆ. ಹೀಗೆ ಉಳಿಯುವವನ್ನು ಪ್ರೇಕ್ಷಕ ಲಿಗ್ಯಾಂಡ್‌ಗಳೆಂದು ಕರೆಯುವುದು ರೂಢಿ. ಈ ಹೆಸರು ಅವುಗಳ ಕಾರ್ಯವನ್ನು ಮರೆಮಾಡುತ್ತದೆ ಎಂಬುದನ್ನು ಸಿಸ್‌ಪ್ಲಾಟಿನ್ ಎಂಬ ಕ್ಯಾನ್ಸರ್ ಔಷಧಿಯ ನಿದರ್ಶನದಿಂದ ತಿಳಿಯಬಹುದು.

1840ರ ದಶಕದಲ್ಲಿಯೇ ತಯಾರಾಗಿದ್ದ ಈ ಸಂಯುಕ್ತದ ಜೈವಿಕ ಗುಣ ಬೆಳಕಿಗೆ ಬಂದದ್ದು ಆಕಸ್ಮಿಕವಾಗಿ. ಅಮೆರಿಕದ ಬಾರ್ನೆಟ್ ರೋಸೆನ್‌ಬರ್ಗ್ ಮತ್ತು ಸಂಗಡಿಗರು ಬ್ಯಾಕ್ಟೀರಿಯಾಗಳ ಮೇಲೆ ವಿದ್ಯುತ್ತಿನ ಪರಿಣಾಮವನ್ನು ಪರೀಕ್ಷಿಸುತ್ತಿದ್ದಾಗ, ಅವು ವಿಭಜನೆಯಾಗದೆ ಎಳೆಗಳಂತೆ ಉದ್ದಕ್ಕೆ ಬೆಳೆದವು. ಕಾರಣ ವಿದ್ಯುತ್ತಲ್ಲ, ವಿದ್ಯುದ್ವಾರಗಳಿಂದ ಕರಗಿದ್ದ ಪ್ಲಾಟಿನಂ ಎಂಬುದು 1965ರಲ್ಲಿ ಪ್ರಕಟವಾಯಿತು. 1978ರಲ್ಲಿ ಸಿಸ್‌ಪ್ಲಾಟಿನ್ ಅಮೆರಿಕದಲ್ಲಿ ಔಷಧಿಯಾಗಿ ಮಾನ್ಯತೆ ಪಡೆಯಿತು.

ಇದರ ಪ್ಲಾಟಿನಂ ಕೇಂದ್ರಕ್ಕೆ ಎರಡು ಅಮೋನಿಯಾ, ಎರಡು ಕ್ಲೋರೈಡ್. ಕ್ಲೋರೈಡ್ ಹೇರಳವಾಗಿರುವ ರಕ್ತದಲ್ಲಿ ಸಂಯುಕ್ತವು ಬಹುಮಟ್ಟಿಗೆ ಹಾಗೆಯೇ ಇರುತ್ತದೆ. ಕ್ಲೋರೈಡ್ ಕಡಿಮೆಯಿರುವ ಜೀವಕೋಶವನ್ನು ಹೊಕ್ಕಾಗ ಅದರ ಕ್ಲೋರೈಡ್‌ಗಳ ಸ್ಥಾನಕ್ಕೆ ನೀರು ಬರುತ್ತದೆ. ಅನಂತರ ಪ್ಲಾಟಿನಂ ಡಿ.ಎನ್.ಎ.ಯ ಗ್ವಾನೀನ್‌ಗಳಿಗೆ ಅಂಟುತ್ತದೆ. ಅಮೋನಿಯಾಗಳು ಕದಲುವುದಿಲ್ಲ. ಆದರೆ ಅವೆರಡೂ ಒಂದೇ ಪಕ್ಕದಲ್ಲಿರುವುದರಿಂದಲೇ ಮತ್ತೊಂದು ಪಕ್ಕದ ಎರಡು ಸ್ಥಾನಗಳು ನೆರೆಹೊರೆಯ ಗ್ವಾನೀನ್‌ಗಳನ್ನು ಏಕಕಾಲಕ್ಕೆ ಹಿಡಿದು ಡಿ.ಎನ್.ಎ.ಯನ್ನು ಬಾಗಿಸಬಲ್ಲವು. ಇವೇ ನಾಲ್ಕು ಲಿಗ್ಯಾಂಡ್‌ಗಳಿದ್ದೂ ಅಮೋನಿಯಾಗಳು ಎದುರುಬದುರಾಗಿರುವ ಟ್ರಾನ್ಸ್‌ಪ್ಲಾಟಿನ್‌ಗೆ ಔಷಧಿಯ ಗುಣವಿಲ್ಲ. ಯಕ್ಷಗಾನದ ಹಿಮ್ಮೇಳವೂ ಕಥೆಯ ಪಾತ್ರವಲ್ಲ. ಆದರೆ ಅದನ್ನು ಪ್ರೇಕ್ಷಕವರ್ಗಕ್ಕೆ ಸೇರಿಸಲು ಯಾರೂ ಒಪ್ಪಲಾರರು.

ಅನಂತರದ ಔಷಧಿಗಳು ಈ ಭೇದವನ್ನು ಇನ್ನಷ್ಟು ಸ್ಪಷ್ಟಪಡಿಸಿವೆ. ಕಾರ್ಬೋಪ್ಲಾಟಿನ್‌ನಲ್ಲಿ ಬದಲಾದದ್ದು ಬಿಟ್ಟುಹೋಗುವ ಭಾಗ ಮಾತ್ರ. ಕ್ರಿಯೆ ನಿಧಾನವಾಯಿತು, ಮೂತ್ರಪಿಂಡಕ್ಕಾಗುವ ಹಾನಿ ತಗ್ಗಿತು, ಡಿ.ಎನ್.ಎ.ಯ ಮೇಲೆ ಉಳಿಯುವ ಗಂಟು ಮಾತ್ರ ಹಳೆಯದೇ. ಆದುದರಿಂದ ಸಿಸ್‌ಪ್ಲಾಟಿನ್‌ಗೆ ಮಣಿಯದ ಗಡ್ಡೆ ಸಾಮಾನ್ಯವಾಗಿ ಇದಕ್ಕೂ ಮಣಿಯುವುದಿಲ್ಲ. ಆಕ್ಸಾಲಿಪ್ಲಾಟಿನ್‌ನಲ್ಲಿ ಅಮೋನಿಯಾಗಳ ಸ್ಥಾನವನ್ನೇ ಉಂಗುರಾಕಾರದ ಡೈಅಮೀನ್ ಒಂದು ಆಕ್ರಮಿಸಿತು. ಗಂಟಿನ ಸ್ವರೂಪವೇ ಬದಲಾಯಿತು. ಅದನ್ನು ಗುರುತಿಸುವ ಕೋಶದ ಪ್ರೋಟೀನುಗಳ ವರ್ತನೆಯೂ ಬದಲಾಯಿತು. ಸಿಸ್‌ಪ್ಲಾಟಿನ್ ಹೆಚ್ಚು ಫಲ ನೀಡದಿದ್ದ ದೊಡ್ಡಕರುಳಿನ ಕ್ಯಾನ್ಸರಿನಲ್ಲಿ ಇದು ಇತರ ಔಷಧಿಗಳೊಡನೆ ಬಳಕೆಗೆ ಬಂದಿತು.

ಇಷ್ಟಾಗಿಯೂ ಪ್ರೇಕ್ಷಕತ್ವವು ಅಮೋನಿಯಾದ ಹುಟ್ಟುಗುಣವಲ್ಲ. ಗಂಧಕವುಳ್ಳ ಮೆಥಿಯೋನಿನ್‌ನಂತಹ ಅಣು ಎದುರು ಸ್ಥಾನದಲ್ಲಿ ಬಂದು ಕೂತರೆ ಅದೇ ಅಮೋನಿಯಾ ಸಡಿಲಗೊಂಡು ಪ್ಲಾಟಿನಂನಿಂದ ಕಳಚಿಕೊಳ್ಳುವುದುಂಟು.